ಜಮಾಲಬಿಯ ಹಾಳೆಯ ಐದನೇ ಸಾಲು

ಗಜೇಂದ್ರಗಡ
ಮಂಗಳವಾರ, 11 ನವೆಂಬರ್ 2025

ಮಗಳು ಶೈಲಶ್ರೀಗೆ ಅವ್ವನ ಆಶೀರ್ವಾದ. ಆಶೀರ್ವಾದ ಇಲ್ಲಿಗೆ ಮುಗಿಯಿತು. ಇನ್ನು ಬೈಗುಳ, ಕುಂತು ಓದು.

ಫೋನು ಹಚ್ಚಿದರೆ ಮೀಟಿಂಗಿನಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ ಎನ್ನುತ್ತೀ. ಕಾಗದಕ್ಕೆ ಹಾಗೆ ಹೇಳಲು ಬರುವುದಿಲ್ಲ. ನಮ್ಮ ವೃದ್ಧಾಶ್ರಮದ ಟೆಂಪೊ ಓಡಿಸುವ ನವಾಜ ನಾಳೆ ಗದಗಿಗೆ ಬರುತ್ತಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳ ಅಕ್ಷರ. ಸೊಟ್ಟಗಿದ್ದರೆ ನಿನ್ನ ಹಣೆಬರಹ.

ಹೋದ ತಿಂಗಳು ರೋಣದಲ್ಲಿ ನೀನು ಕೊಟ್ಟ ಎರಡು ದಿನದ ತರಬೇತಿ ನೆನೆಸಿಕೊಂಡರೆ ಈಗಲೂ ವಾಕರಿಕೆ ಬರುತ್ತದೆ. ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು, ನನ್ನಂಥ ಆಶ್ರಮದ ಆಯಾಗಳು, ಎಲ್ಲ ಸೇರಿ ನಲವತ್ತು ಮಂದಿ. ಬೆಳೆದ ಹೆಂಗಸರ ಕೈಯಲ್ಲಿ ಬಲೂನು ಊದಿಸಿದಿ. ಪಕ್ಕದವರ ಒಳ್ಳೆಯ ಗುಣ ಹೇಳಿ ಚಪ್ಪಾಳೆ ತಟ್ಟಿರಿ ಅಂದಿ. ನನ್ನ ಪಕ್ಕ ಕುಂತ ಜಕ್ಕಲಿಯ ಇಷ್ರತ ನನ್ನ ಮುಖ ನೋಡಿ ನೋಡಿ ಸಾಕಾಗಿ, "ಈ ದೊಡ್ಡವ್ವ ಚಾ ಸಪ್ಪಳ ಮಾಡದ ಕುಡೀತಾರ್ರಿ" ಎಂದಳು. ಅದಕ್ಕೂ ಚಪ್ಪಾಳೆ.

ಎರಡು ದಿನ ನೀನು ಹೇಳಿದ್ದು ಒಂದೇ ಮಾತು. ನಮ್ಮ ಹತ್ತಿರ ಬಂದವರಿಗೆ ಏನಿಲ್ಲ ಎಂದು ಬರೆಯಬೇಡಿ, ಏನಿದೆ ಎಂದು ಬರೆಯಿರಿ. ಕೊರತೆ ಬೇಡ, ಬಲ ಹುಡುಕಿರಿ. ಆಮೇಲೆ ಎಲ್ಲರಿಗೂ ಒಂದೊಂದು ಹಾಳೆ ಹಂಚಿದಿ. ಅದರಲ್ಲಿ ಐದು ಸಾಲು. ನೀವು ನೋಡಿಕೊಳ್ಳುವವರಲ್ಲಿ ಒಬ್ಬರನ್ನು ಆರಿಸಿ ಅವರ ಐದು ಬಲ ಬರೆಯಿರಿ, ಒಂದು ಸಾಲೂ ಖಾಲಿ ಇರಬಾರದು ಅಂದಿ.

ನಾನು ಜಮಾಲಬಿಯನ್ನು ಬರೆದೆ. ನೀನು ಅವಳನ್ನು ಕಂಡಿಲ್ಲ. ಈ ಊರಿನ ಮಗ್ಗದ ಮೇಲೆ ನಲವತ್ತು ವರ್ಷ ಸೀರೆ ನೇಯ್ದವಳು. ಈಗ ಎರಡೂ ಕಣ್ಣು ಹೋಗಿವೆ. ಸೂಡಿಯಲ್ಲಿ ಅಣ್ಣನ ಮಗ ಆಫ್ತಾಬ ಇಟ್ಟುಕೊಂಡಿದ್ದ. ಕಾಣದ ಮುದುಕಿಯನ್ನು ಒಲೆಯ ಮುಂದೆ ಕೂಡಿಸಿ ಮನೆಮಂದಿಗೆಲ್ಲ ರೊಟ್ಟಿ ಬಡಿಯಲು ಹಚ್ಚಿದರು. ಅಂಗೈ ರೊಟ್ಟಿ ಸುಡುವ ಕಾದ ಹಂಚಿಗೆ ಅಂಟಿದ ದಿನ ಓಣಿಯ ಗೌಸುಸಾಬ ದವಾಖಾನೆಗೆ ಒಯ್ದು, ಅಲ್ಲಿಂದ ನಮ್ಮ ಆಶ್ರಮಕ್ಕೆ ತಂದುಬಿಟ್ಟ. ಬಲಗೈ ಬೆರಳು ಇವತ್ತಿಗೂ ಪೂರಾ ಬಿಚ್ಚುವುದಿಲ್ಲ. ಅದನ್ನು ನಾನು ಬರೆಯಲಿಲ್ಲ. ಕೊರತೆ ಬರೆಯಬೇಡಿ ಎಂದವಳು ನೀನು.

ನನ್ನ ಹಾಳೆ ಎತ್ತಿ ಹಿಡಿದು ಎಲ್ಲರಿಗೂ ಓದಿ ಹೇಳಿದಿ. ಹೆಜ್ಜೆ ಸಪ್ಪಳದ ಮೇಲೆ ಮಂದಿಯನ್ನು ಗುರುತಿಸುತ್ತಾಳೆ. ಸೆರಗು ಮುಟ್ಟಿ ನೂಲು ಎಂಥದೆಂದು ಹೇಳುತ್ತಾಳೆ. ಅಳುವವರ ಪಕ್ಕ ಸುಮ್ಮನೆ ಕೂತು ಸಮಾಧಾನ ಮಾಡುತ್ತಾಳೆ. ತನ್ನ ಬಟ್ಟೆ ತಾನೇ ಒಗೆದುಕೊಳ್ಳುತ್ತಾಳೆ. ಹತ್ತು ಮಂದಿಗೆ ರೊಟ್ಟಿ ಬಡಿಯುತ್ತಾಳೆ. ಬರೆದರೆ ಹೀಗೆ ಬರೆಯಬೇಕು ಎಂದು ನನ್ನ ಸೆರಗಿಗೆ ಐದು ಮೂಲೆಯ ಒಂದು ಕಾಗದದ ಚಿಕ್ಕಿ ಅಂಟಿಸಿದಿ.

ಆ ಹಾಳೆಯನ್ನು ಫೈಲಿಗೆ ಹಚ್ಚಿರೆಂದು ಆಶ್ರಮಕ್ಕೆ ಕಳಿಸಿದವಳೂ ನೀನೇ. ನಮ್ಮ ಮೇಲ್ವಿಚಾರಕ ಬಸವಪ್ರಸಾದ ನಿನ್ನೆ ನನ್ನನ್ನು ಕರೆದು, "ಇಷ್ಟೆಲ್ಲಾ ಮಾಡಾಕ ಬರತೈತಿ ಅಂದ್ರ ಈಕಿ ಇಲ್ಲಿ ಯಾಕ ಅದಾಳಬೇ?" ಎಂದು ಕೇಳಿದ. ಬೇರೆ ಇಬ್ಬರು ಹಾಸಿಗೆಗೆ ಕಾಯುತ್ತಿದ್ದಾರಂತೆ. ನನ್ನೆದುರೇ ಆಫ್ತಾಬನಿಗೆ ಫೋನು ಹಚ್ಚಿ ಹಾಳೆ ಓದಿದ. ನಾಲ್ಕು ಸಾಲಿಗೆ ಆ ಕಡೆಯಿಂದ ಹೂಂ ಇಲ್ಲ, ಹಾಂ ಇಲ್ಲ. ಐದನೆಯದಕ್ಕೆ, ಹೆಂಡತಿ ಬಾಣಂತನಕ್ಕೆ ತವರಿಗೆ ಹೊಂಟಾಳ, ಶುಕ್ರವಾರ ನಮಾಜು ಮುಗಿಸಿ ಬಂದು ಅತ್ತೆಯನ್ನು ಕರೆದೊಯ್ಯುತ್ತೇನೆ ಎಂದ.

ಜಮಾಲಬಿಗೆ ನಾನೇ ಹೇಳಬೇಕಾಯಿತು. ಅವಳು ಅಳಲಿಲ್ಲ, ಬಲಗೈ ಸೆರಗಿನೊಳಗೆ ಎಳೆದುಕೊಂಡಳು. "ಹಂಚು ಎಲ್ಲೈತಿ ಅಂತ ಕೈಯಿಂದನ ಹುಡುಕಬೇಕಾಗತೈತಿ ನೋಡ, ಹನುಮವ್ವಾ" ಎಂದಳು. ಅಷ್ಟೇ.

ಥೂ ನಿನ್ನ ತರಬೇತಿಗೆ. ಕಾಣದವಳ ಬಲ ಬರೆಸಿ ಅವಳ ಕೈಯಿಂದ ಕಣ್ಣಿದ್ದವರಿಗೆ ಊಟ ಹಾಕಿಸಲು ಹೊಂಟಿ. ಬಲ ಯಾರ ಕೈಗೆ ಸಿಗುತ್ತದೆ, ಅವರು ಅದನ್ನು ಏನು ಮಾಡುತ್ತಾರೆ ಎಂದು ಬರೆಯಲು ಒಂದು ಸಾಲು ಇಟ್ಟಿದ್ದೆಯಾ? ಬಲೂನು ಮಾತ್ರ ಮೂರು ಬಣ್ಣದವು.

ಗುರುವಾರ ಬಾ. ಆ ಹಾಳೆ ಬರೀ ತರಬೇತಿಯ ಆಟಕ್ಕೆ ಬರೆಸಿದ್ದು, ಫೈಲಿನಿಂದ ತೆಗೆಯಿರಿ ಎಂದು ಬಸವಪ್ರಸಾದನಿಗೆ ಹೇಳು. ಸಾಲಿ ಬಿಟ್ಟ ಆಯಾಳ ಮಾತು ಅವನು ಕೇಳುವುದಿಲ್ಲ. ಮೀಟಿಂಗು ಇದ್ದರೆ ಬೆಂಕಿ ಹಚ್ಚು ಅದಕ್ಕೆ.

ನಿನ್ನನ್ನು ಹಡೆದು ಇವತ್ತು ಹೇಸಿಕೊಂಡು ಕುಂತ
ಅವ್ವ,
ಹನುಮವ್ವ

ತಾ.ಕ.: ಐದನೇ ಸಾಲು ಸುಳ್ಳು. ಹತ್ತು ಮಂದಿಗೆ ರೊಟ್ಟಿ ಬಡಿಯುವವಳು ನಾನು. ಜಮಾಲಬಿ ಇಲ್ಲಿಗೆ ಬಂದಾಗಿನಿಂದ ಒಲೆಯ ಕಡೆ ಸುಳಿದಿಲ್ಲ. ನಾಲ್ಕು ಬರೆದ ಮೇಲೆ ಪೆನ್ನು ನಿಂತಿತ್ತು. ಇಷ್ರತಳ ಹಾಳೆ ತುಂಬಿತ್ತು. ನೀನು ಹಾಳೆ ನೋಡುತ್ತಾ ನಮ್ಮ ಕಡೆಗೇ ಬರುತ್ತಿದ್ದಿ. ಕಲಿಸುವವಳ ಅವ್ವನ ಹಾಳೆಯೇ ಖಾಲಿ ಅನ್ನಿಸಿಕೊಳ್ಳಲು ನಾಚಿಕೆಯಾಗಿ ನನ್ನ ಕೆಲಸವನ್ನು ಅವಳ ಹೆಸರಿಗೆ ಬರೆದೆ. ನಿನ್ನೆಯಿಂದ ಎರಡು ಸಲ ಬಸವಪ್ರಸಾದನ ಬಾಗಿಲಿಗೆ ಹೋಗಿ ತಿರುಗಿ ಬಂದೆ. ಸುಳ್ಳು ಬರೆದವಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ ಎಂದು ಗೊತ್ತು. ನೀನು ಬಂದು ಮೇಲೆ ಬರೆದಂತೆ ಆಟ ಗೀಟ ಎಂದೇನೂ ಹೇಳಬೇಡ. ಈ ಕಾಗದವನ್ನೇ ಅವನ ಕೈಗೆ ಕೊಡು, ಬೈಗುಳ ಸಮೇತ ಓದಲಿ. ಮೊದಲಿನ ನಾಲ್ಕು ಸಾಲು ಖರೇ. ಅವನ್ನು ಅಳಿಸಗೊಡಬೇಡ.