ಟೆಟ್ ಹಬ್ಬಕ್ಕೆ ಮನೆ ಒಪ್ಪಮಾಡುವಾಗ

ಮಿ ಥೊ ಪಟ್ಟಣ

ಅತ್ತೆಯವರಿಗೆ ದಿಯೆಪ್ ಮಾಡುವ ನಮಸ್ಕಾರಗಳು.

ನೀವು ಚಿಕ್ಕಮ್ಮನ ಮನೆಗೆ ಹೋದಾಗಿನಿಂದ, ನೀವು ಹೇಳಿಕೊಟ್ಟಂತೆ ದಿನಕ್ಕೊಂದು ಮೂಲೆ ಒಪ್ಪಮಾಡುತ್ತಿದ್ದೇನೆ. ಹೊಸವರ್ಷದ ಹಬ್ಬ ಹತ್ತಿರ ಬಂದರೂ ಈ ಸಲ ಧಾವಂತವಿಲ್ಲ. ವರ್ಷವಿಡೀ ಮುಟ್ಟದ ಸಾಮಾನು ಮನೆಯಲ್ಲಿರಬಾರದು ಎನ್ನುತ್ತೀರಲ್ಲ, ಹಾಗಾಗಿ ನಿಮ್ಮ ಕಪಾಟಿನ ಕೆಳಗಿನ ಖಾನೆಯನ್ನೂ ತೆಗೆದೆ. ಅಲ್ಲಿ ಹೆಣ್ಣುಮಗುವಿನ ಕೆಂಪು ಅಂಗಿಯಿತ್ತು. ಹಳೆಯ ಬಟ್ಟೆ, ಆದರೆ ಈಚೆಗಷ್ಟೇ ಒಗೆದು ಮಡಚಿದ್ದು.

ಅದು ಯಾರದೆಂದು ನಿಮ್ಮ ಮಗನನ್ನು ಕೇಳಿದೆ. "ನಾನೊಬ್ನೇ ಮಗ ಕಣೇ, ನಂಗೆಲ್ಲಿಂದ ಬರ್ಬೇಕು ಅಕ್ಕ ತಂಗಿ? ಅಮ್ಮನ್ನೇ ಕೇಳು," ಎಂದು ನಕ್ಕರು.

ತಿಳಿಯುವ ಆಸೆ ನನಗೆ ಬಹಳ. ಆದರೆ ನೀವು ಹೇಳಲೇಬೇಕೆಂದಿಲ್ಲ. ಅಂಗಿಗೆ ಬಿಸಿಲು ತೋರಿಸಿ ಅಲ್ಲೇ ಇಟ್ಟಿದ್ದೇನೆ. ಇಷ್ಟು ಮಾತ್ರ ತಿಳಿಸಿ: ವರ್ಷದ ಕೊನೆಯ ಸಂಜೆ ಹಿರಿಯರಿಗೆ ಎಡೆ ಇಡುವಾಗ, ಪಕ್ಕದಲ್ಲೊಂದು ಪುಟ್ಟ ಬಟ್ಟಲನ್ನೂ ಇಡಲೇ?

ನಿಮ್ಮ ಸೊಸೆ
ದಿಯೆಪ್