ಇಪ್ಪತ್ತೈದು ಬ್ರೆಡ್ಡಿನ ಸರಾಸರಿ

ಗುರುವಾರ, ಸಂಜೆ

ನನ್ನ ಮೇಲೆ ಮುನಿಸಿಕೊಂಡಿರುವ ಅಕ್ಕನಿಗೆ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಹರಿದು ಓವನ್ನಿಗೆ ಹಾಕುವ ಮುಂಚೆ ಒಮ್ಮೆ ಓದು.

ನಿನ್ನೆ ನಾನು ನಿನ್ನ ಬೇಕರಿಗೆ ಬಂದು ಬ್ರೆಡ್ ಕೇಳಿದರೆ, "ತೂಕ ಮಾಡ್ಕೊಂಡೇ ತಗೊಂಡ್ಹೋಗಿ, ಮೇಡಂ" ಅಂದೆಯಲ್ಲ, ಎತ್ತಿ ಆಡಿಸಿದ ತಂಗಿಗೆ! ಬೈದಿದ್ದರೆ ಚೆನ್ನಾಗಿತ್ತು. ನಿನ್ನ ಬೈಗುಳ ನನಗೆ ಅಭ್ಯಾಸ.

ನಡೆದದ್ದನ್ನು ಹೇಳಿಬಿಡುತ್ತೇನೆ. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಸರಾಸರಿಯ ಬಗ್ಗೆ ಹೇಳಿದ ಮಾತನ್ನು ಪರೀಕ್ಷಿಸುವ ಪಾಠವಿತ್ತು. ಪುಸ್ತಕದ ಲೆಕ್ಕಕ್ಕೆ ಮಕ್ಕಳು ಆಕಳಿಸುತ್ತಾರೆಂದು, ನೀನು ನಮ್ಮ ಕಾಲೇಜಿನ ಹಾಸ್ಟೆಲ್ಲಿಗೆ ಕೊಡುವ ಬ್ರೆಡ್ಡನ್ನೇ ಆರಿಸಿಕೊಂಡೆ. ಕವರಿನ ಮೇಲೆ ನಾನೂರು ಗ್ರಾಂ ಎಂದಿದೆ. ಮೊದಲು ಆ ಮಾತು ನಿಜವೆಂದೇ ಹಿಡಿಯಬೇಕು. ಆಮೇಲೆ ಕೆಲವನ್ನು ತೂಗಿ ಸರಾಸರಿ ತೆಗೆಯಬೇಕು. ಅದು ನಾನೂರಕ್ಕಿಂತ ಕಡಿಮೆ ಬಂದು, ಬರೀ ಆಕಸ್ಮಿಕದಿಂದ ಅಷ್ಟು ಇಳಿಯುವುದು ತೀರಾ ಅಪರೂಪ ಅನ್ನಿಸಿದರೆ ಮಾತ್ರ ಕವರಿನ ಮಾತನ್ನು ತಳ್ಳಿಹಾಕಬೇಕು. ನಮಗೆ ಮುನ್ನೂರ ತೊಂಬತ್ತೊಂದು ಬಂತು. ತಳ್ಳಿಹಾಕಿದೆವು. ಮಕ್ಕಳು ಚಪ್ಪಾಳೆ ತಟ್ಟಿದರು, ನಾನೂ ಬೀಗಿದೆ. ಮಧ್ಯಾಹ್ನದೊಳಗೆ ಯಾರೋ ಆ ಲೆಕ್ಕದ ಹಾಳೆಯನ್ನು ಹಾಸ್ಟೆಲ್ಲಿನ ಗೋಡೆಗೆ ಅಂಟಿಸಿದರು, ವಾರ್ಡನ್ ನಿನ್ನ ಬ್ರೆಡ್ ನಿಲ್ಲಿಸಿಬಿಟ್ಟರು. ನಿನ್ನ ವ್ಯಾಪಾರದಲ್ಲಿ ಅರ್ಧ ಅದೇ ಎಂದು ನನಗೆ ಗೊತ್ತಿಲ್ಲದ್ದೇನಲ್ಲ.

ತಪ್ಪು ನಿನ್ನ ತಕ್ಕಡಿಯದ್ದಲ್ಲ. ಕೆಲಸ ಸುಲಭವಾಗಲೆಂದು ಹಿಂದಿನ ಸಂಜೆಯೇ ಕವರ್ ಬಿಚ್ಚಿ, ಸ್ಟಾಫ್ ರೂಮಿನ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದೆ. ಬೆಳಗಿನವರೆಗೂ ಫ್ಯಾನ್ ತಿರುಗಿತು. ಒಣಗಿದ ಬ್ರೆಡ್ ತೂಕ ಕಳೆದುಕೊಳ್ಳುತ್ತದೆಂದು, ಬೇಕರಿಯಲ್ಲೇ ಬೆಳೆದ ನನಗೆ ಎರಡು ದಿನ ಬಿಟ್ಟು ಹೊಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನಿನ್ನೆ ತಂದ ಇಪ್ಪತ್ತೈದನ್ನು ಬಿಚ್ಚಿದ ಕೂಡಲೇ ತೂಗಿದೆ. ಸರಾಸರಿ ಮುನ್ನೂರ ತೊಂಬತ್ತೊಂಬತ್ತು. ಅಷ್ಟು ಏರುಪೇರು ತಾನಾಗಿಯೇ ಆಗುವಂಥದ್ದು, ಕವರಿನ ಮಾತನ್ನು ತಳ್ಳಿಹಾಕಲು ಕಾರಣವೇ ಇಲ್ಲ. ಹಾಗೆಂದು ಆ ಮಾತು ಸಾಬೀತಾದಂತಲ್ಲ ಎಂದು ನನ್ನ ಶಾಸ್ತ್ರ ಗೊಣಗುತ್ತದೆ. ಗೊಣಗಿಕೊಳ್ಳಲಿ. ನಿನ್ನನ್ನು ಮೋಸಗಾರ್ತಿ ಅನ್ನಲು ಯಾವ ಆಧಾರವೂ ಇಲ್ಲ, ನನಗೆ ಅಷ್ಟು ಸಾಕು.

ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ನಾನು ಉಂಡ ಮನೆಯ ಬ್ರೆಡ್ಡನ್ನೇ ತೂಗಿದೆ, ಅದೂ ಸರಿಯಾಗಿ ತೂಗಲಿಲ್ಲ. ನಾಚಿಕೆಯಾಗುತ್ತಿದೆ ಅಕ್ಕ. ಸೋಮವಾರ ವಾರ್ಡನ್ ಹತ್ತಿರ ಹೋಗಿ, ಗೊತ್ತಿಲ್ಲದೆ ಆದ ತಪ್ಪು ಎಂದು ಹೇಳಿ ನಿನ್ನ ಬ್ರೆಡ್ ಮತ್ತೆ ತರಿಸುತ್ತೇನೆ.

ಇಂತಿ,
ನಿನಗೆ ಮುಖ ತೋರಿಸಲಾಗದ
ತಂಗಿ

ತಾ.ಕ.: ಗೊತ್ತಿಲ್ಲದೆ ಆದದ್ದು ಎಂದು ಬರೆದೆನಲ್ಲ, ಅದು ಸುಳ್ಳು. ಅವತ್ತು ತೂಗುತ್ತಿರುವಾಗಲೇ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ಇದು ಒಣಗಿದೆ, ತೂಕ ಇಳಿದಿರಲ್ವಾ?" ಅಂತ ಕೇಳಿದಳು. ಆದರೆ ಲೆಕ್ಕದ ಉತ್ತರ ನನ್ನ ಪಾಠಕ್ಕೆ ಹೇಳಿ ಮಾಡಿಸಿದ ಹಾಗೆ ಬರುತ್ತಿತ್ತು. ಸುಮ್ಮನೆ ಕೂತ್ಕೋ ಎಂದು ಗದರಿಸಿದೆ. ಸೋಮವಾರ ನೀನೂ ಬಾ. ವಾರ್ಡನ್ ಎದುರು ನಾನು ಮತ್ತೆ 'ಗೊತ್ತಿರಲಿಲ್ಲ' ಅಂದರೆ, ಈ ಕಾಗದವನ್ನು ಅವರ ಕೈಗೆ ಕೊಟ್ಟುಬಿಡು.