ಜುಲೈ ನಾಲ್ಕರ ಗಂಟೆ

ನಾರ್ತ್ ಪಾಂಡ್, ಮ್ಯಾಸಚೂಸೆಟ್ಸ್
1826ರ ಜುಲೈ 17, ಸೋಮವಾರ

ಪ್ರೀತಿಯ ಅಕ್ಕ ಟಬಿತಾಳಿಗೆ,

ನಿನ್ನ ಕೆಜಿಯಾ ಕೇಳುವ ಕ್ಷೇಮ. ಕಾಗದ ತಡವಾಯಿತು, ಬೈಯಬೇಡ. ಎಷ್ಟೋ ಸಲ ಬರೆಯಲು ಕೂತೆ, ತಲೆ ಕೆಟ್ಟು ಎದ್ದೆ. ನನ್ನ ಮಗ ಸೈಲಸನ ಜ್ವರ ಇಳಿಯಿತೇ ಎಂದು ಕೇಳಿದ್ದೀಯ. ಹೇಳುತ್ತೇನೆ, ಮೊದಲು ಊರಿನ ಸುದ್ದಿ ಮುಗಿಸಿಬಿಡುತ್ತೇನೆ.

ಈ ನಾಲ್ಕನೇ ತಾರೀಖಿಗೆ ದೇಶ ಸ್ವತಂತ್ರವಾಗಿ ಐವತ್ತು ವರ್ಷ ತುಂಬಿತಲ್ಲ, ಬೆಳಗಿನಿಂದ ಫಿರಂಗಿ, ಗಂಟೆ, ಗಲಾಟೆ. ಮನೆಮನೆಯಲ್ಲೂ ಹಬ್ಬದಡಿಗೆ, ಮೀನು, ಹಸಿ ಬಟಾಣಿ. ನಾನು ಒಲೆ ಹಚ್ಚಲಿಲ್ಲ. ಸಂಜೆ ಇದ್ದಕ್ಕಿದ್ದಂತೆ ಅದೇ ಗಂಟೆ ಸಾವಿನ ಗಂಟೆಯಾಯಿತು. ಪಕ್ಕದ ಕ್ವಿನ್ಸಿಯಲ್ಲಿ ಹಳೆಯ ಅಧ್ಯಕ್ಷರು ಆಡಮ್ಸ್ ತೀರಿಕೊಂಡಿದ್ದರು. ವರ್ಷಕ್ಕೊಂದು ಏಟಿನಂತೆ ತೊಂಬತ್ತು ಏಟು. ಸತ್ತವರ ವಯಸ್ಸಿನಷ್ಟು ಗಂಟೆ ಹೊಡೆಯುವ ಪದ್ಧತಿ ನಿಮ್ಮ ಒಹಾಯೊದಲ್ಲೂ ಉಂಟೇ?

ನಾಲ್ಕೈದು ದಿನ ಬಿಟ್ಟು ಪಕ್ಕದ ಮನೆಯ ಪ್ರೂಡೆನ್ಸ್ ಬೇಲಿಯಾಚೆಯಿಂದಲೇ ಕೂಗಿದಳು: "ಕೇಳಿದ್ಯೇನೇ ಕೆಜಿಯಾ? ವರ್ಜೀನಿಯಾದಲ್ಲಿ ಜೆಫರ್ಸನ್ನೂ ಹೋದ್ರಂತೆ! ಅದೂ ಅದೇ ದಿನ!"

"ಹೋಗೇ, ಯಾರೋ ನಿನ್ನ ಕಿವಿಗೆ ಹೂ ಇಟ್ಟಿದಾರೆ."

"ಪೇಪರ್‌ನಲ್ಲೇ ಬಂದಿದೆ, ಬೇಕಾದ್ರೆ ನೋಡು!"

ಆ ಜೆಫರ್ಸನ್ ಅಧ್ಯಕ್ಷರಾದಾಗ, ದೇವರನ್ನು ನಂಬದವನು ಬಂದ, ಇನ್ನು ಕಿತ್ತುಕೊಳ್ಳುತ್ತಾನೆ ಎಂದು ಅಮ್ಮ ಬೈಬಲನ್ನು ಹಿಟ್ಟಿನ ಪೀಪಾಯಿಯಲ್ಲಿ ಬಚ್ಚಿಟ್ಟಿದ್ದಳು, ನೆನಪಿದೆಯೇ? ಆಡಮ್ಸರಿಗೂ ಅವರಿಗೂ ಎಷ್ಟೋ ವರ್ಷ ಮಾತೇ ಇರಲಿಲ್ಲವಂತೆ. ಈಗ ನೋಡಿದರೆ ನಿನ್ನೆ ಚರ್ಚಿನಲ್ಲಿ ಪಾದ್ರಿಗಳು, ಇಬ್ಬರನ್ನೂ ಆ ದಿನವೇ ಕರೆಸಿಕೊಂಡು ದೇವರು ಈ ದೇಶಕ್ಕೆ ತನ್ನ ಕೃಪೆ ತೋರಿಸಿದ್ದಾನೆ ಎಂದರು. ಎಲ್ಲರೂ ಅತ್ತರು. ನನಗೆ ಒಂದೂ ತಲೆಗೆ ಹೋಗಲಿಲ್ಲ. ಹೊರಗೆ ಬರುವಾಗ ಕೇಳಿಯೇಬಿಟ್ಟೆ: "ಅಯ್ಯನವರೇ, ಅದೇ ದಿನ ಹೋದ ಬೇರೆಯವರದ್ದು? ಅದೂ ಕೃಪೆನೇನಾ?"

ಅವರು ಕೈಯಲ್ಲಿದ್ದ ಟೋಪಿ ತಿರುಗಿಸುತ್ತಾ, "ಅದು ಬೇರೆ ವಿಷಯ ತಾಯಿ," ಎಂದರು.

ಹೇಗೆ ಬೇರೆ? ದಿನ ಅದೇ, ದೇವರು ಅವನೇ. ನೀನು ನನಗಿಂತ ಓದಿದವಳು, ನೀನಾದರೂ ಬಿಡಿಸಿ ಹೇಳು. ನಮ್ಮ ಮನೆಯವರನ್ನು ಕೇಳಿದರೆ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಾರೆ.

ನಿನ್ನ ಮಕ್ಕಳ ಆಯುಸ್ಸು ಗಟ್ಟಿಯಾಗಿರಲಿ. ದಿನಾ ಅವರ ಹಣೆ ಮುಟ್ಟಿ ನೋಡುತ್ತಿರು.

ನಿನ್ನ ತಂಗಿ,
ಕೆಜಿಯಾ

ತಾ.ಕ.: ಸೈಲಸ್ ಆ ನಾಲ್ಕನೇ ತಾರೀಖು ಮಧ್ಯಾಹ್ನವೇ ಹೋದ, ಅಕ್ಕ. ನಮ್ಮವರು ಗಂಟೆ ಹೊಡೆಯುವ ಓಬೆಡ್‌ನ ಹತ್ತಿರ ಓಡಿದರು. "ಇವತ್ತು ಹಬ್ಬ ಕಣೋ ಅಮೋಸ್. ಸಾವಿನ ಗಂಟೆ ಬೇಡ ಅಂದಿದಾರೆ ಹಿರಿಯರು. ನಾಳೆ ಹೊಡೀತೀನಿ. ಆರೇ ಏಟು ಅಲ್ವಾ?" ಎಂದನಂತೆ. ಸಂಜೆ ಆಡಮ್ಸರಿಗೆ ಹೊಡೆದ. ಮರುದಿನ ನಮ್ಮದನ್ನು ಮರೆತ. ಆ ಸಂಜೆ ನಾನು ಮಗುವಿನ ಕೈ ಹಿಡಿದು ಎಣಿಸುತ್ತಿದ್ದೆ. ತೊಂಬತ್ತರಲ್ಲಿ ಮೊದಲ ಆರನ್ನು ಅವನಿಗೆಂದು ತೆಗೆದುಕೊಂಡುಬಿಟ್ಟೆ. ಅಷ್ಟು ದೊಡ್ಡವರಿಗೆ ಆರು ಕಡಿಮೆಯಾದರೆ ಏನೂ ಆಗುವುದಿಲ್ಲ, ಅಲ್ಲವೇ? ಹಾಗೆ ತೆಗೆದುಕೊಳ್ಳಬಹುದೇನೇ, ಅಕ್ಕ?